ಸರಾಸರಿಗೆ ಸಿಕ್ಕದ ಬಡತನ

ಕೆಲವು ತಿಂಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ನಡೆಯಿತು. "ಬಡ ಕುಟುಂಬಗಳಿಗೆ ಸರ್ಕಾರವು ನೇರವಾಗಿ ಹಣ ಕೊಡುವುದು ಲೇಸಲ್ಲ" ಎಂಬುದು ಅಂದಿನ ವಿಷಯ. ತೀರ್ಪುಗಾರರಲ್ಲಿ ಒಬ್ಬರಾಗಿ ಕುಳಿತುಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ವಿಷಯದ ಪರವಾಗಿ ಮಾತನಾಡಿದವರು, ಬಿಟ್ಟಿ ಹಣ ಬಂದರೆ ಜನ ಸೋಮಾರಿಗಳಾಗುತ್ತಾರೆ, ಕುಡಿದು ಕಳೆಯುತ್ತಾರೆ ಎಂದರು. ವಿರುದ್ಧವಾಗಿ ಮಾತನಾಡಿದವರು, ಹಸಿದವನ ಮುಂದೆ ನೀತಿಪಾಠ ಸಲ್ಲದು ಎಂದರು. ಎರಡು ಕಡೆಯವರ ವಾಗ್ವೈಖರಿಯೂ ಮೆಚ್ಚತಕ್ಕದ್ದೇ ಆಗಿತ್ತು. ಆದರೆ ಎರಡು ಗಂಟೆಗಳ ಕಾಲ ನಡೆದ ಆ ಚರ್ಚೆಯಲ್ಲಿ "ಇದನ್ನು ಯಾರಾದರೂ ಅಳೆದು ನೋಡಿದ್ದಾರೆಯೆ?" ಎಂಬ ಪ್ರಶ್ನೆಯನ್ನು ಒಬ್ಬರೂ ಎತ್ತಲಿಲ್ಲ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇದರಿಂದ ಸ್ವಲ್ಪ ವ್ಯಸನವಾದುದು ಸಹಜವಷ್ಟೆ.

ಬಹುಮಾನ ಹಂಚಿ ಹೊರಟಾಗ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳು ನಮ್ಮ ಬಳಿಗೆ ಬಂದಳು. ಸ್ಪರ್ಧೆಯಲ್ಲಿ ಆಕೆ ಮಾತನಾಡಿರಲಿಲ್ಲ. "ಸಾರ್, ನಮ್ಮ ಮನೆಗೂ ಆ ಹಣ ಬರುತ್ತದೆ. ಅಮ್ಮನ ಖಾತೆಗೆ. ಆದರೆ ನಮಗೆ ನೆನಪಿನಲ್ಲಿರುವುದು ಹಣ ಬಂದ ತಿಂಗಳಲ್ಲ, ಬಾರದೆ ಹೋದ ತಿಂಗಳು" ಎಂದಳು. ಅಷ್ಟನ್ನೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಅಂದಿನ ಎಲ್ಲ ಭಾಷಣಗಳಿಗಿಂತ ಆ ಒಂದು ವಾಕ್ಯದಲ್ಲಿ ಹೆಚ್ಚು ವಿಜ್ಞಾನವಿತ್ತೆಂದು ನಮಗೆ ಆಮೇಲೆ ಹೊಳೆಯಿತು. ಈ ಲೇಖನ ಆ ವಾಕ್ಯದ ವ್ಯಾಖ್ಯಾನ.

ನೇರ ನಗದು ನೆರವು ಎಂದರೇನು? ಅಕ್ಕಿ, ಸೀಮೆಎಣ್ಣೆ, ಬಟ್ಟೆ ಮೊದಲಾದ ಪದಾರ್ಥಗಳ ಬದಲು ಹಣವನ್ನೇ ಕುಟುಂಬದ ಕೈಗೆ ಕೊಟ್ಟು, ಅದನ್ನು ಹೇಗೆ ವೆಚ್ಚಮಾಡಬೇಕೆಂಬ ನಿರ್ಣಯವನ್ನು ಆ ಕುಟುಂಬಕ್ಕೇ ಬಿಡುವುದು. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆ ಇದಕ್ಕೆ ಹತ್ತಿರದ ಉದಾಹರಣೆ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿಗಳಂತೆ ಕೊಡುವ ಈ ಯೋಜನೆ ಒಂದು ಕೋಟಿಗೂ ಮಿಕ್ಕ ಮನೆಗಳನ್ನು ಮುಟ್ಟಿದೆ. ಇಂಥದು ನಮ್ಮಲ್ಲಿಯೇ ಮೊದಲಲ್ಲ. ಮೆಕ್ಸಿಕೋ ದೇಶದಲ್ಲಿ 1997ರಲ್ಲಿಯೇ "ಪ್ರೊಗ್ರೆಸಾ" ಎಂಬ ಯೋಜನೆ ತಾಯಂದಿರ ಕೈಗೆ ಹಣ ಕೊಡತೊಡಗಿತ್ತು. ಮಕ್ಕಳನ್ನು ಶಾಲೆಗೆ ಕಳುಹಿಸಬೇಕು, ಆರೋಗ್ಯ ಪರೀಕ್ಷೆಗೆ ಕರೆತರಬೇಕು ಎಂಬುದು ಅಲ್ಲಿನ ಕರಾರು.

ಈಗ ಬಡತನದ ಸ್ವರೂಪವನ್ನು ಕೊಂಚ ವಿಚಾರಿಸೋಣ. "ಬಡವನೆಂದರೆ ಯಾರು?" ಎಂದು ಕೇಳಿದರೆ "ಆದಾಯ ಕಡಮೆ ಇರುವವನು" ಎಂದು ನಾವು ಥಟ್ಟನೆ ಉತ್ತರ ಕೊಡುತ್ತೇವೆ. ಉತ್ತರ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕ ಈ ಮೂರು ದೇಶಗಳ ಇನ್ನೂರೈವತ್ತಕ್ಕೂ ಹೆಚ್ಚು ಬಡ ಕುಟುಂಬಗಳ ಜಮಾಖರ್ಚನ್ನು ವರ್ಷವಿಡೀ ಬರೆದಿಟ್ಟು ಅಭ್ಯಾಸ ಮಾಡಿದ ನಾಲ್ವರು ಸಂಶೋಧಕರು 2009ರಲ್ಲಿ ತಮ್ಮ ಫಲಿತಾಂಶವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಬಡವರ ಆದಾಯ ಅಲ್ಪವಾಗಿರುವುದಷ್ಟೇ ಅಲ್ಲ, ಅದು ಏರುಪೇರಾಗಿಯೂ ಇರುತ್ತದೆ, ಮುಂದಾಗಿ ಊಹಿಸಲು ಬಾರದುದೂ ಆಗಿರುತ್ತದೆ ಎಂಬುದು ಅವರು ಕಂಡ ಮುಖ್ಯ ಸಂಗತಿ. ಗಾರೆಕೆಲಸದವನಿಗೆ ಮಳೆ ಹಿಡಿದ ವಾರ ಕೂಲಿಯಿಲ್ಲ. ಹೂ ಮಾರುವವಳಿಗೆ ಶ್ರಾವಣದಲ್ಲಿ ವ್ಯಾಪಾರವುಂಟು, ಆಷಾಢದಲ್ಲಿಲ್ಲ. "ಹಾಸಿಗೆಯಿದ್ದಷ್ಟು ಕಾಲು ಚಾಚು" ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಸರಿ, ಆದರೆ ಹಾಸಿಗೆಯ ಉದ್ದವೇ ದಿನಕ್ಕೊಂದು ಬಗೆಯಾದರೆ ಕಾಲು ಏನು ಮಾಡಬೇಕು?

ಪ್ರಯೋಗಶಾಲೆಯಲ್ಲಿ ರಿಲೇ ಎಂಬ ಸಾಧನವನ್ನು ನಮ್ಮ ವಿದ್ಯಾರ್ಥಿಮಿತ್ರರು ನೋಡಿರಬಹುದು. ಅದರ ಸುರುಳಿಯಲ್ಲಿ ತಕ್ಕಷ್ಟು ವಿದ್ಯುತ್ತು ಹರಿಯುವವರೆಗೆ ಅದು ಒಂದು ಸಂಪರ್ಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ವಿದ್ಯುತ್ತು ಒಂದು ಮಿತಿಗಿಂತ ಕೆಳಗಿಳಿದೊಡನೆಯೇ ಅದು ಟಕ್ಕೆಂದು ಕೈಬಿಡುತ್ತದೆ. ನೀವು ಒದಗಿಸುವ ವಿದ್ಯುತ್ತಿನ ಸರಾಸರಿ ಸಾಕಷ್ಟಿರಬಹುದು. ಆದರೆ ಅದು ನಿಧಾನವಾಗಿ ಏರಿಳಿಯುತ್ತಿದ್ದರೆ ಪ್ರತಿಯೊಂದು ತಗ್ಗಿನಲ್ಲಿಯೂ ರಿಲೇ ಕೈಬಿಡುತ್ತದೆ. ಆಗ "ಸರಾಸರಿ ಸರಿಯಾಗಿದೆಯಲ್ಲ!" ಎಂದು ನೀವು ಅದರೊಡನೆ ವಾದಿಸಲಾರಿರಿ. ಇದಕ್ಕೆ ಪರಿಹಾರ ಎರಡು. ಒಂದು, ದೊಡ್ಡದೊಂದು ವಿದ್ಯುದ್ಧಾರಕವನ್ನು ಜೋಡಿಸಿ, ಉಬ್ಬಿನಲ್ಲಿ ಕೂಡಿಟ್ಟುಕೊಂಡುದನ್ನು ತಗ್ಗಿನಲ್ಲಿ ಸುರಿಯುವಂತೆ ಮಾಡುವುದು. ಇನ್ನೊಂದು, ಏರಿಳಿಯುವ ವಿದ್ಯುತ್ತಿನ ಜೊತೆಗೆ ಸಣ್ಣದಾದರೂ ಸ್ಥಿರವಾದ ಒಂದು ವಿದ್ಯುತ್ತನ್ನು ಸೇರಿಸಿ ತಗ್ಗಿನ ತಳವನ್ನೇ ಮೇಲಕ್ಕೆತ್ತುವುದು.

ಸಂಸಾರದಲ್ಲಿಯೂ ಹೀಗೆಯೇ. ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು, ಕ್ಷಯದ ಔಷಧವನ್ನು ನಡುವೆ ಬಿಡದೆ ನುಂಗಿಸುವುದು, ಹಾಲು ಕರೆಯುವ ಮೇಕೆಯನ್ನು ಮಾರದೆ ಇಟ್ಟುಕೊಳ್ಳುವುದು, ಇವೆಲ್ಲ ಹಿಡಿದಿಟ್ಟುಕೊಳ್ಳತಕ್ಕ ಸಂಪರ್ಕಗಳು. ಸಂಬಳದಾರರಾದ ನಮ್ಮಂಥವರ ಮನೆಯಲ್ಲಿ ಬ್ಯಾಂಕಿನ ಉಳಿತಾಯವೇ ಧಾರಕ. ಬಡವರ ಮನೆಯಲ್ಲಿ ಆ ಧಾರಕವಿಲ್ಲ, ಇದ್ದರೂ ಸೋರುತ್ತದೆ. ಅದು ಎಲ್ಲಿ ಸೋರುತ್ತದೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ವಾಚಕರು ಕಾಗದ, ಲೇಖನಿ ತೆಗೆದುಕೊಂಡರೆ ಒಳ್ಳೆಯದು.

ಒಂದು ಕುಟುಂಬಕ್ಕೆ ವಾರಕ್ಕೆ 2000 ರೂಪಾಯಿ ಅಗತ್ಯವಾಗಿ ಬೇಕೆಂದು ಲೆಕ್ಕಕ್ಕೋಸ್ಕರ ಊಹಿಸಿಕೊಳ್ಳಿ. ಒಂದು ತಿಂಗಳ ನಾಲ್ಕು ವಾರಗಳ ಸಂಪಾದನೆ ಕ್ರಮವಾಗಿ 800, 3200, 1200, 2800 ರೂಪಾಯಿಗಳಾಗಿರಲಿ. ಒಟ್ಟು 8000, ಸರಾಸರಿ ವಾರಕ್ಕೆ ಸರಿಯಾಗಿ 2000. ಸರಾಸರಿಯನ್ನು ಮಾತ್ರ ನೋಡುವವರಿಗೆ ಈ ಮನೆಯಲ್ಲಿ ಕೊರತೆಯೇ ಕಾಣದು. ಆದರೆ ಮೊದಲನೆಯ ವಾರ 1200 ರೂಪಾಯಿ ಕಡಮೆಯಾಯಿತು. ವಾರಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿಗೆ ಸಾಲ ತಂದರು. ಸಂತೆಪೇಟೆಗಳಲ್ಲಿ ಮೀಟರ್ ಬಡ್ಡಿಯೆಂದು ಹೆಸರಾದ ಸಾಲವನ್ನು ಬಲ್ಲವರಿಗೆ ಈ ದರ ಅತಿಶಯವೆಂದು ತೋರದು. ಎರಡನೆಯ ವಾರ ಸಾಲ 1320 ಆಗುತ್ತದೆ. ಆ ವಾರ ಮಿಕ್ಕ 1200 ರೂಪಾಯಿಗಳನ್ನು ಕಟ್ಟಿದರೆ 120 ಉಳಿಯುತ್ತದೆ. ಮೂರನೆಯ ವಾರಕ್ಕೆ ಅದು 132. ಆ ವಾರದ ಕೊರತೆ 800. ಒಟ್ಟು ಸಾಲ 932. ನಾಲ್ಕನೆಯ ವಾರಕ್ಕೆ ಅದು 1025; ಮಿಕ್ಕ 800 ಕಟ್ಟಿದರೆ ತಿಂಗಳ ಕೊನೆಗೆ 225 ರೂಪಾಯಿ ಸಾಲ ನಿಲ್ಲುತ್ತದೆ.

ಗಮನಿಸಿ: ಈ ಕುಟುಂಬ ಒಂದು ಕಾಸನ್ನೂ ದುಂದುಮಾಡಲಿಲ್ಲ. ಅವರು ಸೋಮಾರಿಗಳಲ್ಲ, ಕುಡುಕರಲ್ಲ. ವಾರಕ್ಕೆ ಸಮವಾಗಿ 2000 ಸಂಪಾದಿಸುವ ನೆರೆಮನೆಯವರಷ್ಟೇ ದುಡಿದರು, ಅವರಷ್ಟೇ ಉಂಡರು. ಆದರೂ ನೆರೆಮನೆಯವರಿಗೆ ಸಾಲವಿಲ್ಲ, ಇವರಿಗುಂಟು. ಏರುಪೇರಿಗೆ ತೆತ್ತ ಸುಂಕವೇ ಆ 225 ರೂಪಾಯಿ.

ಈಗ ಇದೇ ಕುಟುಂಬಕ್ಕೆ ತಿಂಗಳ ಮೊದಲ ದಿನವೇ 2000 ರೂಪಾಯಿ ನೆರವು ಬಂದಿತೆನ್ನಿ. ಮೊದಲ ವಾರದ ವೆಚ್ಚ ಕಳೆದು 800 ಉಳಿಯುತ್ತದೆ, ಎರಡನೆಯ ವಾರದ ಕೊನೆಗೆ 2000, ಮೂರನೆಯದಕ್ಕೆ 1200, ನಾಲ್ಕನೆಯದಕ್ಕೆ ಮತ್ತೆ 2000. ಸಾಲವೇ ಹುಟ್ಟಲಿಲ್ಲ, ಕೊಟ್ಟ ಹಣವೂ ಇಡಿಯಾಗಿ ಉಳಿಯಿತು. ಕೊಟ್ಟುದು 2000, ಕುಟುಂಬಕ್ಕೆ ಆದ ಲಾಭ 2225! ಆದರೆ ಇದೇ ನೆರವು ಮೂರು ತಿಂಗಳು ತಡೆದು, 6000 ರೂಪಾಯಿಗಳಾಗಿ ಒಟ್ಟಿಗೆ ಬಂದರೇನಾಗುತ್ತದೆ? ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಎರಡನೆಯ ತಿಂಗಳ ಕೊನೆಗೆ ಸಾಲ 555 ಆಗಿರುತ್ತದೆ, ಮೂರನೆಯ ತಿಂಗಳ ಕೊನೆಗೆ ಸುಮಾರು 1038. ಬಂದ ಹಣದಲ್ಲಿ ಅಷ್ಟು ಬಡ್ಡಿ ವ್ಯಾಪಾರಿಯ ಪಾಲಾಗುತ್ತದೆ. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ, 6000 ರೂಪಾಯಿ. ಮನೆಯ ಲೆಕ್ಕದಲ್ಲಿ ಒಂದೇ ಅಲ್ಲ. ತಡವಾಗಿ ಬಂದ ಹಣ ತಗ್ಗನ್ನು ತುಂಬದೆ ಉಬ್ಬಿನ ಮೇಲೆ ಕುಳಿತಿತು.

ಇದೆಲ್ಲ ಕಾಗದದ ಮೇಲಣ ಲೆಕ್ಕವಾಯಿತು. ಮನುಷ್ಯರು ಹೀಗೆಯೇ ನಡೆದುಕೊಳ್ಳುವರೆಂದು ಏನು ಭರವಸೆ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರ ಕೊಡಬೇಕಾದುದು ಪ್ರಯೋಗ.

ಸಮಾಜದ ವಿಷಯದಲ್ಲಿ ಪ್ರಯೋಗ ಮಾಡುವುದು ಹೇಗೆ? ನೆರವು ಪಡೆದ ಕುಟುಂಬವೊಂದು ಮೇಲೆ ಬಂದಿತೆನ್ನಿ. ಅದು ನೆರವಿನಿಂದಲೇ ಬಂದಿತೆಂದು ಹೇಳಲಾಗದು. ಆ ವರ್ಷ ಮಳೆ ಚೆನ್ನಾಗಿ ಆಗಿರಬಹುದು. ಆದುದರಿಂದ ಎಲ್ಲ ವಿಷಯಗಳಲ್ಲಿಯೂ ಒಂದೇ ತೆರನಾದ ಎರಡು ಗುಂಪುಗಳು ಬೇಕು. ಅಂಥ ಗುಂಪುಗಳನ್ನು ಆರಿಸಲು ಇರುವ ಉತ್ತಮ ಮಾರ್ಗವೆಂದರೆ ಚೀಟಿಯೆತ್ತುವುದು. ನೂರಾರು ಹಳ್ಳಿಗಳ ಹೆಸರನ್ನು ಬರೆದು ಚೀಟಿಯೆತ್ತಿ ಅರ್ಧಕ್ಕೆ ನೆರವು ಕೊಟ್ಟರೆ, ಮಳೆ, ಮಣ್ಣು, ಸ್ವಭಾವ ಎಲ್ಲವೂ ಎರಡು ಗುಂಪುಗಳಲ್ಲಿ ಸರಿಸುಮಾರಾಗಿ ಸಮನಾಗಿ ಹಂಚಿಹೋಗುತ್ತವೆ. ಆಮೇಲೆ ಕಾಣುವ ವ್ಯತ್ಯಾಸಕ್ಕೆ ನೆರವೇ ಕಾರಣವೆಂದು ಧೈರ್ಯವಾಗಿ ಹೇಳಬಹುದು. ಮೆಕ್ಸಿಕೋದಲ್ಲಿ ಮಾಡಿದುದು ಇದನ್ನೇ. 506 ಗ್ರಾಮಗಳಲ್ಲಿ ಚೀಟಿಯೆತ್ತಿ 320ಕ್ಕೆ ಮೊದಲು ನೆರವು ಕೊಟ್ಟು, ಉಳಿದ 186ಕ್ಕೆ ಸ್ವಲ್ಪ ಕಾಲದ ಮೇಲೆ ಕೊಟ್ಟರು. ಹೇಗಿದ್ದರೂ ಒಂದೇ ಸಲಕ್ಕೆ ಎಲ್ಲರಿಗೂ ಕೊಡುವಷ್ಟು ಅನುಕೂಲವಿರಲಿಲ್ಲವಾಗಿ ಇದರಿಂದ ಯಾರಿಗೂ ಅನ್ಯಾಯವಾಗಲಿಲ್ಲ. ಪ್ರೌಢಶಾಲೆಯ ಮೆಟ್ಟಿಲು ಹತ್ತುವ ಮಕ್ಕಳ ಸಂಖ್ಯೆ, ಅದರಲ್ಲಿಯೂ ಹೆಣ್ಣುಮಕ್ಕಳ ಸಂಖ್ಯೆ, ಮೊದಲ ಗುಂಪಿನಲ್ಲಿ ಹೆಚ್ಚಿತು. ಕೈಗೆ ಬಂದ ಪ್ರತಿಯೊಂದು ಪೆಸೊ ನಾಣ್ಯದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಕುಟುಂಬಗಳು ಊಟ ಬಟ್ಟೆಗಳಿಗೆ ವೆಚ್ಚಮಾಡಿ, ಕಾಲು ಪಾಲನ್ನು ಪಶು, ಬೇಸಾಯ, ಸಣ್ಣ ಉದ್ಯಮಗಳಲ್ಲಿ ತೊಡಗಿಸಿದುವೆಂದು ಆಮೇಲಿನ ಅಭ್ಯಾಸದಿಂದ ತಿಳಿದುಬಂದಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಪ್ರಯೋಗ ಪೂರ್ವ ಆಫ್ರಿಕದ ಕೀನ್ಯ ದೇಶದಲ್ಲಿ ನಡೆಯಿತು. ಅಲ್ಲಿನ ಪಶ್ಚಿಮ ಭಾಗದ ರಾರಿಯೇಡಾ ಪ್ರಾಂತದಲ್ಲಿ 2011ರಿಂದ 2013ರವರೆಗೆ "ಗಿವ್‌ಡೈರೆಕ್ಟ್‌ಲಿ" ಎಂಬ ಸಂಸ್ಥೆ, ಹುಲ್ಲು ಹೊದಿಸಿದ ಮನೆಗಳಲ್ಲಿ ವಾಸಿಸುವ ಬಡ ಕುಟುಂಬಗಳಿಗೆ ಯಾವ ಕರಾರೂ ಇಲ್ಲದೆ ಹಣ ಕೊಟ್ಟಿತು. ಎಂ-ಪೆಸಾ ಎಂಬ ವ್ಯವಸ್ಥೆಯ ಮೂಲಕ ಹಣ ನೇರವಾಗಿ ಅವರ ಮೊಬೈಲ್ ಫೋನಿಗೆ ಬರುತ್ತಿತ್ತು. ಹಾವ್‌ಸ್ಹೋಫರ್, ಶಪಿರೊ ಎಂಬ ಇಬ್ಬರು ಸಂಶೋಧಕರು ಇದರ ಫಲವನ್ನು ಅಳೆದು 2016ರಲ್ಲಿ ಪ್ರಕಟಿಸಿದರು. ನೆರವು ಪಡೆದ ಮನೆಗಳ ತಿಂಗಳ ವೆಚ್ಚ ಪಡೆಯದ ಮನೆಗಳಿಗಿಂತ ನೂರಕ್ಕೆ 23ರಷ್ಟು ಹೆಚ್ಚಾಗಿತ್ತು. ದನಕರು, ತಗಡಿನ ಛಾವಣಿ ಮೊದಲಾದ ಆಸ್ತಿಯೂ ಗಣನೀಯವಾಗಿ ಹೆಚ್ಚಿತ್ತು. ಮನಸ್ಸಿನ ನೆಮ್ಮದಿಯ ಅಳತೆಗಳೂ ಮೇಲಾಗಿದ್ದವು. ಹೆಂಡ, ಹೊಗೆಸೊಪ್ಪುಗಳ ವೆಚ್ಚ ಹೆಚ್ಚಲಿಲ್ಲ.

ಈ ಪ್ರಯೋಗದಲ್ಲಿ ಇನ್ನೊಂದು ಸೊಗಸಾದ ಅಂಶವಿದೆ. ಹಣವನ್ನು ಯಾವ ಬಗೆಯಲ್ಲಿ ಕೊಡಬೇಕೆಂಬುದನ್ನೂ ಚೀಟಿಯೆತ್ತಿಯೇ ನಿಶ್ಚಯಿಸಿದ್ದರು. ಕೆಲವರಿಗೆ ತಿಂಗಳು ತಿಂಗಳು ಕಂತುಗಳಲ್ಲಿ, ಕೆಲವರಿಗೆ ಒಂದೇ ಗಂಟಾಗಿ. ತಿಂಗಳ ಕಂತು ಪಡೆದವರಲ್ಲಿ ಊಟದ ಭದ್ರತೆ ಹೆಚ್ಚಾಗಿ ಕಂಡಿತು. ಒಂದೇ ಗಂಟು ಪಡೆದವರು ತಗಡಿನ ಛಾವಣಿಯಂಥ ಬಾಳಿಕೆಯ ವಸ್ತುಗಳನ್ನು ಹೆಚ್ಚಾಗಿ ಕೊಂಡರು. ಹಣದ ಮೊತ್ತ ಮಾತ್ರವಲ್ಲ, ಅದು ಕಾಲದಲ್ಲಿ ಹಂಚಿಕೆಯಾಗಿರುವ ರೀತಿಯೂ ಕೆಲಸ ಮಾಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ? ಹುಲ್ಲಿನ ಛಾವಣಿಯನ್ನು ಮೇಲಿಂದ ಮೇಲೆ ಹೊದಿಸುತ್ತಿರುವವನಿಗೆ ಒಂದು ಸಲ ತಗಡು ಹಾಕಿಸಿಕೊಳ್ಳಲು ಗಂಟು ಬೇಕು. ದಿನದ ಊಟ ತಪ್ಪದಿರಲು ಕಂತು ಬೇಕು. ಎರಡೂ ಹಣವೇ ಆದರೂ ಮಾಡುವ ಕೆಲಸ ಬೇರೆ ಬೇರೆ.

ಗಂಟಿನಿಂದ ಆಗದ ಕೆಲಸವೊಂದನ್ನೂ ಇಲ್ಲಿ ಹೇಳಬೇಕು. ಭಾರತ ಮತ್ತು ಫಿಲಿಪ್ಪೀನ್ಸ್ ದೇಶಗಳ ಮಾರುಕಟ್ಟೆಗಳಲ್ಲಿ ದುಬಾರಿ ಬಡ್ಡಿಗೆ ಸಾಲ ತಂದು ವ್ಯಾಪಾರ ಮಾಡುತ್ತಿದ್ದ ಸಣ್ಣ ವರ್ತಕರನ್ನು ಆರಿಸಿ, ಕಾರ್ಲನ್, ಮುಲ್ಲೈನಾಥನ್, ರಾತ್ ಎಂಬ ಸಂಶೋಧಕರು ಅವರ ಸಾಲವನ್ನೆಲ್ಲ ಒಂದೇ ಸಲಕ್ಕೆ ತೀರಿಸಿದರು. ಇನ್ನು ಅವರ ಲಾಭವೆಲ್ಲ ಅವರಿಗೇ ಉಳಿದು ಅವರು ಸಾಲಮುಕ್ತರಾಗಿಯೇ ಇರುವರೆಂದು ನಾವು ನಿರೀಕ್ಷಿಸುತ್ತೇವೆ. ಆದುದು ಬೇರೆ. ಬಹುಮಂದಿ ಆರು ವಾರಗಳೊಳಗಾಗಿ ಮತ್ತೆ ಸಾಲಗಾರರಾದರು. ಇದನ್ನು ಕೇಳಿ "ಬಡವರ ಬುದ್ಧಿಯೇ ಇಷ್ಟು" ಎಂದು ತಲೆಯಾಡಿಸುವವರು ಮೇಲಿನ ನಾಲ್ಕು ವಾರಗಳ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಸಾಲವನ್ನು ಸೊನ್ನೆ ಮಾಡಿದರೂ ಏರುಪೇರು ಹಾಗೆಯೇ ಉಳಿದಿತ್ತಷ್ಟೆ? ಮುಂದಿನ ತಗ್ಗು ಬಂದೊಡನೆ ರಿಲೇ ಕೈಬಿಟ್ಟಿತು. ಇದು ನಮ್ಮ ಊಹೆಯೇ ಹೊರತು ಆ ಪ್ರಯೋಗದ ಸಿದ್ಧಾಂತವಲ್ಲ. ಆದರೆ ಊಹೆ ಯುಕ್ತಿಗೆ ಹೊಂದುತ್ತದೆಂದು ನಮ್ಮ ಅಭಿಪ್ರಾಯ.

ಏರುಪೇರು ಹೊಟ್ಟೆಯನ್ನು ಮಾತ್ರವಲ್ಲ, ತಲೆಯನ್ನೂ ಮುಟ್ಟುತ್ತದೆ. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಭ್ಯಾಸವೊಂದುಂಟು. ಕಬ್ಬಿನ ಹಣ ಕಟಾವಿನ ಮೇಲೆ ಒಟ್ಟಿಗೆ ಬರುತ್ತದೆಂಬುದು ಮಂಡ್ಯದ ಸೀಮೆಯ ನಮ್ಮ ಓದುಗರಿಗೆ ಚೆನ್ನಾಗಿ ಗೊತ್ತು. ಒಬ್ಬನೇ ರೈತನಿಗೆ ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಇನ್ನೊಮ್ಮೆ ಬುದ್ಧಿಪರೀಕ್ಷೆಯ ಒಗಟುಗಳನ್ನು ಕೊಟ್ಟರು. ಅದೇ ರೈತ ಹಣವಿದ್ದಾಗ ಮೇಲಾಗಿ ಉತ್ತರಿಸಿದ. ಇಲ್ಲಿ ಹೋಲಿಕೆ ಒಬ್ಬನಿಗೂ ಇನ್ನೊಬ್ಬನಿಗೂ ಅಲ್ಲ, ಅವನಿಗೂ ಅವನಿಗೂ. ಇಂಥ ವಿಷಯ ಒಂದು ಪ್ರಯೋಗದಿಂದ ಇತ್ಯರ್ಥವಾಗತಕ್ಕದ್ದಲ್ಲ. ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಆದರೂ ನಾಳೆಯ ಕಂತಿನ ಚಿಂತೆ ಹೊತ್ತವನ ತಲೆಯಲ್ಲಿ ಬೇರೆ ಲೆಕ್ಕಕ್ಕೆ ಎಡೆ ಕಡಮೆಯೆಂಬುದನ್ನು ಪರೀಕ್ಷೆಯ ಹಿಂದಿನ ದಿನ ಮನೆಯಿಂದ ಕೆಟ್ಟ ಸುದ್ದಿ ಕೇಳಿದ ವಿದ್ಯಾರ್ಥಿ ಯಾರೂ ಅಲ್ಲಗಳೆಯಲಾರರು.

ಇನ್ನು ಚರ್ಚಾಸ್ಪರ್ಧೆಯ ಆಕ್ಷೇಪಗಳಿಗೆ ಬರೋಣ. ಕುಡಿತದ ಆಕ್ಷೇಪ ಮೊದಲನೆಯದು. ವಿಶ್ವಬ್ಯಾಂಕಿನ ಇಬ್ಬರು ಸಂಶೋಧಕರು ಬೇರೆ ಬೇರೆ ದೇಶಗಳ 19 ಅಭ್ಯಾಸಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪರಿಶೀಲಿಸಿದರು. ನಗದು ನೆರವಿನಿಂದ ಹೆಂಡ, ಹೊಗೆಸೊಪ್ಪುಗಳ ವೆಚ್ಚ ಹೆಚ್ಚುತ್ತದೆಂಬುದಕ್ಕೆ ಅವರಿಗೆ ಆಧಾರ ದೊರೆಯಲಿಲ್ಲ. ಸೋಮಾರಿತನದ ಆಕ್ಷೇಪ ಎರಡನೆಯದು. ಆರು ದೇಶಗಳ ಏಳು ಯೋಜನೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ನೆರವು ಪಡೆದವರು ದುಡಿಮೆಯನ್ನು ಕಡಮೆ ಮಾಡಿದರೆಂಬುದಕ್ಕೆ ಕ್ರಮಬದ್ಧವಾದ ಸಾಕ್ಷ್ಯ ಕಾಣಲಿಲ್ಲವೆಂದು ಹೇಳಿದೆ. ನಮ್ಮ ದೇಶದ ಮಧ್ಯಪ್ರದೇಶದಲ್ಲಿಯೇ 2011–12ರಲ್ಲಿ ಸೇವಾ ಎಂಬ ಮಹಿಳಾ ಸಂಘಟನೆ ಯೂನಿಸೆಫಿನ ನೆರವಿನಿಂದ ಕೆಲವು ಹಳ್ಳಿಗಳ ಎಲ್ಲರಿಗೂ, ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿಗಳಂತೆ ಮೊದಲು ಕೊಟ್ಟು, ಆಮೇಲೆ ಅದನ್ನು ಹೆಚ್ಚಿಸಿತು. ಅಲ್ಲಿಯೂ ದುಡಿಮೆ ಕುಗ್ಗಲಿಲ್ಲ. ಅನೇಕರು ಕೂಲಿಯಿಂದ ತಮ್ಮ ಸ್ವಂತ ಹೊಲದ ಕೆಲಸಕ್ಕೆ ತಿರುಗಿದರು. ಪ್ರತಿಯೊಂದು ಊರಿನಲ್ಲಿಯೂ ಹಣವನ್ನು ಹಾಳುಮಾಡುವವನೊಬ್ಬ ಇರುವುದು ನಿಜ. ಆದರೆ ಒಬ್ಬನನ್ನು ತೋರಿಸಿ ಊರನ್ನು ಅಳೆಯುವುದು ವಿಜ್ಞಾನದ ಮಾರ್ಗವಲ್ಲ.

ಮೂರನೆಯದು ಬೆಲೆಯೇರಿಕೆಯ ಆಕ್ಷೇಪ. ಕೀನ್ಯದ ಸಿಯಾಯ ಜಿಲ್ಲೆಯ 653 ಹಳ್ಳಿಗಳಲ್ಲಿ ನಡೆದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಸುಮಾರು ಒಂದು ಸಾವಿರ ಡಾಲರ್ ಕೊಟ್ಟರು. ಅಷ್ಟು ಹಣ ಸುರಿದರೂ ಸ್ಥಳೀಯ ಬೆಲೆಗಳು ಏರಿದುದು ಸರಾಸರಿ ನೂರಕ್ಕೆ 0.1ರಷ್ಟು ಮಾತ್ರ. ಹಣ ಪಡೆಯದ ನೆರೆಯವರ ವೆಚ್ಚವೂ ಹೆಚ್ಚಿತು. ಏಕೆಂದರೆ ಪಡೆದವರು ಅವರ ಅಂಗಡಿಗಳಲ್ಲಿಯೇ ಕೊಂಡರು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನು ಮುಚ್ಚಿಡುವುದು ಸಲ್ಲದು. ರಾರಿಯೇಡಾದ ಪ್ರಯೋಗದಲ್ಲಿಯೇ ಆರೋಗ್ಯ, ವಿದ್ಯಾಭ್ಯಾಸಗಳಲ್ಲಿ ಎದ್ದುಕಾಣುವ ಬದಲಾವಣೆ ಆಗಲಿಲ್ಲ. ಅಮೆರಿಕದ ನಾಲ್ಕು ನಗರಪ್ರದೇಶಗಳಲ್ಲಿ 2018ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಸಾವಿರ ಮಂದಿ ಬಡ ಬಾಣಂತಿಯರನ್ನು ಆರಿಸಿ, ಚೀಟಿಯೆತ್ತಿ, ಕೆಲವರಿಗೆ ತಿಂಗಳಿಗೆ 333 ಡಾಲರ್, ಉಳಿದವರಿಗೆ 20 ಡಾಲರ್ ಕೊಟ್ಟರು. ಮಕ್ಕಳಿಗೆ ನಾಲ್ಕು ವರ್ಷವಾದಾಗ ಮಾತು, ತಿಳಿವಳಿಕೆ, ನಡವಳಿಕೆಗಳನ್ನು ಪರೀಕ್ಷಿಸಿದರೆ ಎರಡು ಗುಂಪುಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲವೆಂದು 2025ರಲ್ಲಿ ಪ್ರಕಟವಾಯಿತು. ನಗದು ನೆರವಿನ ಪಕ್ಷಪಾತಿಗಳಿಗೆ ಇದು ರುಚಿಸದ ಫಲಿತಾಂಶ. ಆದರೆ ಪ್ರಯೋಗವನ್ನು ನಂಬುವವರು ರುಚಿಸಿದ ಫಲಿತಾಂಶವನ್ನು ಮಾತ್ರ ಆಯ್ದುಕೊಳ್ಳುವಂತಿಲ್ಲ. ಹಣದಿಂದ ಅಕ್ಕಿ ಕೊಳ್ಳಬಹುದು. ಊರಿನಲ್ಲಿ ಇಲ್ಲದ ವೈದ್ಯನನ್ನು, ತರಗತಿಗೆ ಬಾರದ ಉಪಾಧ್ಯಾಯನನ್ನು ಎರಡು ಸಾವಿರ ರೂಪಾಯಿ ತಂದುಕೊಡಲಾರದು. ಶಾಲೆ, ಆಸ್ಪತ್ರೆಗಳಿಗೆ ಹೋಗಬೇಕಾದ ಹಣವನ್ನು ಕಡಿದು ನಗದಾಗಿ ಹಂಚಿದರೆ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದಂತಾಗುತ್ತದೆ. ಎಲ್ಲರ ತೆರಿಗೆಯ ಹಣವಾದುದರಿಂದ ಈ ತೂಕ ನೋಡುವುದು ಕರ್ತವ್ಯವೇ ಸರಿ.

ಹಾಗಾದರೆ ನಮ್ಮ ಅಭಿಪ್ರಾಯವೇನು? ಹಣ ಕೊಡಬೇಕೆ, ಬೇಡವೆ ಎಂಬುದೊಂದರಲ್ಲಿಯೇ ನಮ್ಮ ಸಾರ್ವಜನಿಕ ಚರ್ಚೆ ಸುತ್ತುತ್ತಿದೆ. ಯಾವ ದಿನ ಕೊಡಬೇಕೆಂಬುದನ್ನು ಯಾರೂ ಕೇಳುವುದಿಲ್ಲ. ನೆರವು ಮಾಡುವ ಉಪಕಾರದಲ್ಲಿ ದೊಡ್ಡ ಪಾಲು ಅದರ ಮೊತ್ತದಲ್ಲಿರುವಷ್ಟೇ ಅದರ ನಿಯಮದಲ್ಲಿಯೂ ಇದೆಯೆಂದು ಮೇಲಿನ ಲೆಕ್ಕವೂ ಪ್ರಯೋಗಗಳೂ ಸೂಚಿಸುತ್ತವೆ. ಗೃಹಲಕ್ಷ್ಮಿಯ ಹಣ ಕೆಲವು ಕಾಲ ತಿಂಗಳುಗಟ್ಟಲೆ ತಡವಾಗಿ ಬಂದುದುಂಟು. ತಡವಾದರೇನು, ಬಾಕಿಯೆಲ್ಲ ಸೇರಿ ಬರುತ್ತದೆಯಲ್ಲ ಎಂದು ಸಮಾಧಾನ ಹೇಳುವವರುಂಟು. ಬಾಕಿ ಸೇರಿ ಬಂದ ಹಣ ಅದೇ ಹಣವಲ್ಲವೆಂದು ನಾವು ಮೇಲೆ ತೋರಿಸಿದ್ದೇವೆ. ನೌಕರರ ಸಂಬಳ ಮೂರು ತಿಂಗಳು ತಡೆದರೆ ನಾವು, ಕಾಲೇಜಿನ ಅಧ್ಯಾಪಕರು, ಸುಮ್ಮನಿರುತ್ತೇವೆಯೆ? ಧಾರಕವುಳ್ಳ ನಮಗೇ ಅದು ಸಹಿಸಲಸಾಧ್ಯವಾದರೆ, ಧಾರಕವಿಲ್ಲದವರ ಪಾಡೇನು? ತಿಂಗಳಿನ ಇಂಥ ದಿನವೆಂದು ಗೊತ್ತುಮಾಡಿ, ಆ ದಿನ ತಪ್ಪದೆ 1800 ರೂಪಾಯಿ ಕೊಡುವುದು, ಯಾವಾಗಲೋ ಬರುವ 2000ಕ್ಕಿಂತ ಬಡ ಸಂಸಾರಕ್ಕೆ ಹೆಚ್ಚು ಉಪಯುಕ್ತವಾಗಬಹುದೆಂದು ಹೇಳಲು ನಾವು ಹಿಂದೆಗೆಯುವುದಿಲ್ಲ. ಕಡಮೆ ಕೊಡಿರೆಂದು ಇದರ ಅರ್ಥವಲ್ಲ. ನಿಯಮಕ್ಕೂ ಬೆಲೆಯುಂಟೆಂದು ಅರ್ಥ.

ಎರಡನೆಯ ಮಾತು. ಇಷ್ಟು ದೊಡ್ಡ ಯೋಜನೆಯನ್ನು ಇಡೀ ರಾಜ್ಯದಲ್ಲಿ ಒಂದೇ ಸಲಕ್ಕೆ ಆರಂಭಿಸಿದರೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಉಳಿಯುವುದಿಲ್ಲ. ಮುಂದೆ ಇಂಥ ಯೋಜನೆಯನ್ನು ಹಮ್ಮಿಕೊಳ್ಳುವವರು ಮೆಕ್ಸಿಕೋದವರಂತೆ ಹಂತ ಹಂತವಾಗಿ, ಚೀಟಿಯೆತ್ತಿ ಆರಂಭಿಸಿದರೆ ಹಣದ ಜೊತೆಗೆ ಜ್ಞಾನವೂ ದೊರೆಯುತ್ತದೆ. ಆಗ ಚರ್ಚಾಸ್ಪರ್ಧೆಗಳಲ್ಲಿ ಗಂಟಲಿಗೆ ಕೆಲಸ ಕಡಮೆಯಾಗಿ ತಲೆಗೆ ಕೆಲಸ ಹೆಚ್ಚುತ್ತದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ಇದಕ್ಕೆ ಉಪಕರಣವೇನೂ ಬೇಡ. ಇಪ್ಪತ್ತು ರೂಪಾಯಿಯ ನೋಟುಪುಸ್ತಕವೊಂದು ಸಾಕು. ನಿಮ್ಮ ಮನೆಗೆ ಪ್ರತಿ ವಾರ ಬರುವ ಹಣವನ್ನು, ಮನೆಯವರ ಒಪ್ಪಿಗೆ ಪಡೆದು, ಮೂರು ತಿಂಗಳು ಬರೆದಿಡಿ. ಸರಾಸರಿಯನ್ನು ಕಂಡುಹಿಡಿಯಿರಿ. ಆಮೇಲೆ ಪ್ರತಿ ವಾರವೂ ಸರಾಸರಿಯಿಂದ ಎಷ್ಟು ದೂರ ಸರಿದಿದೆಯೆಂದು ನೋಡಿ, ಹೆಚ್ಚು ಕಡಮೆಗಳ ಚಿಹ್ನೆಯನ್ನು ಬಿಟ್ಟು ಆ ದೂರಗಳ ಸರಾಸರಿಯನ್ನೂ ತೆಗೆಯಿರಿ. ಮೊದಲನೆಯ ಸಂಖ್ಯೆ ನಿಮ್ಮ ಮನೆಯ ಆದಾಯವನ್ನು ಹೇಳುತ್ತದೆ. ಎರಡನೆಯದು ನಿಮ್ಮ ತಾಯಿಯ ಚಿಂತೆಯನ್ನು ಹೇಳುತ್ತದೆ. ನಮ್ಮ ಲೆಕ್ಕದ ಕುಟುಂಬದಲ್ಲಿ ಈ ಎರಡನೆಯ ಸಂಖ್ಯೆ 1000. ಅದರ ನೆರೆಮನೆಯಲ್ಲಿ ಅದು ಸೊನ್ನೆ. ಸರಾಸರಿ ಮಾತ್ರ ಎರಡು ಮನೆಗಳಲ್ಲಿಯೂ ಒಂದೇ ಎಂಬುದನ್ನು ಮರೆಯಬೇಡಿ.

ಆ ವಿದ್ಯಾರ್ಥಿನಿ ಈಗ ನಮ್ಮ ತರಗತಿಯಲ್ಲಿಯೇ ಓದುತ್ತಿದ್ದಾಳೆ. ವಿಚಲನೆಯ ಪಾಠ ಬಂದ ದಿನ ಕರಿಹಲಗೆಯ ಮೇಲೆ ನಾವು ಗೋಲಿಯ ವ್ಯಾಸವನ್ನು ಹತ್ತು ಸಲ ಅಳೆದ ಅಂಕಿಗಳನ್ನು ಬರೆಯುವುದು ವಾಡಿಕೆ. ಈ ವರ್ಷ ಅದರ ಬದಲು 800, 3200, 1200, 2800 ಎಂದು ಬರೆದೆವು. ಈ ಅಂಕಿಗಳು ಯಾವುದರ ಅಳತೆಯೆಂದು ತರಗತಿಯನ್ನು ಕೇಳಿದಾಗ ಹಲವರು ಹಲವು ಬಗೆಯಾಗಿ ಹೇಳಿದರು. ಆಕೆ ಮಾತ್ರ ಕೈಯೆತ್ತಲಿಲ್ಲ. ತಲೆ ಬಗ್ಗಿಸಿಕೊಂಡು ಆಗಲೇ ಲೆಕ್ಕ ಮಾಡತೊಡಗಿದ್ದಳು.